ಇತಿಹಾಸಪ್ರಿಯ ರಾಯರು

ನಮ್ಮ ರಾಯರು ಧಾರಾವಾಹಿ ನೋಡುವವರಲ್ಲ. ಸಂಜೆ ಮನೆಯವರು ಟೀವಿ ಮುಂದೆ ಕೂತರೆ 'ಅದೇ ಅಳು, ಅದೇ ಅತ್ತೆ' ಎಂದು ಗೊಣಗುತ್ತಾ ಒಳಗೆ ನಡೆಯುವ ನಿವೃತ್ತ ಬ್ಯಾಂಕ್ ಮ್ಯಾನೇಜರು. ಒಳಗೆ ಓದುವುದು ಇತಿಹಾಸ. ಹಾಗಂತ ಅವರೇ ಹೇಳುತ್ತಾರೆ. ಆ ಇತಿಹಾಸದ ಹೆಸರು 'ಔಟ್‌ಲ್ಯಾಂಡರ್', ಬರೆದಾಕೆ ಅಮೆರಿಕದ ಡಯಾನಾ ಗ್ಯಾಬಲ್ಡನ್.

ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್, ಯುದ್ಧ ಮುಗಿದ ಮೇಲೆ ಗಂಡನ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿಗೆ ಬರುತ್ತಾಳೆ. ಗುಡ್ಡದ ಮೇಲಿನ ಹಳೇ ಕಲ್ಲೊಂದನ್ನು ಮುಟ್ಟಿದ್ದೇ ತಡ, 1743ರಲ್ಲಿ ಬಿದ್ದಿರುತ್ತಾಳೆ. ಕೆಂಗೂದಲಿನ ಜೇಮೀ ಫ್ರೇಸರ್ ಸಿಗುತ್ತಾನೆ. ಇಲ್ಲಿಂದಾಚೆಗೆ ರಾಯರು 'ಆಮೇಲೆ ಬ್ರಿಟಿಷ್ ದೊರೆಯ ವಿರುದ್ಧ ಜಾಕಬೈಟ್ ದಂಗೆ' ಎಂದು ನೇರವಾಗಿ ಹಾರುತ್ತಾರೆ. ನಡುವಿನ ಮದುವೆ, ಆ ರಾತ್ರಿಗೆಂದೇ ಮೀಸಲಾದ ಪುಟಗಳು ಎಲ್ಲವೂ ಅವರ ಲೆಕ್ಕದಲ್ಲಿ 'ಹಿನ್ನೆಲೆ'. ಅವರ ಶ್ರೀಮತಿ ಒಮ್ಮೆ ಕಾಫಿ ಕೊಡುತ್ತಾ ಹೇಳಿದರು: "ದಂಗೆ ಪುಟಗಳು ಹೊಸದಾಗೇ ಇವೆ. ಮದುವೆ ಅಧ್ಯಾಯದ ಹತ್ರ ಮಾತ್ರ ಬೈಂಡೇ ಬಿಟ್ಕೊಂಡಿದೆ."

ವಾಕಿಂಗಿನಲ್ಲಿ ಸಿಕ್ಕರೆ ಆ ದಂಗೆ ಕೊನೆಗೊಂಡ ಕಲೊಡನ್ ಕದನ ತಪ್ಪಿದ್ದಲ್ಲ. 1746ರ ಏಪ್ರಿಲ್ 16. "ಒಂದು ಗಂಟೆನೂ ಹಿಡೀಲಿಲ್ಲ ಸ್ವಾಮಿ, ಎಲ್ಲಾ ಮುಗಿದೋಯ್ತು!" ಎನ್ನುವಾಗ ಗಂಟಲು ಕಟ್ಟುತ್ತದೆ. ಸೋತ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯ, ಗಂಡಸರು ತಮ್ಮ ಚೌಕಳಿ ಉಡುಪು ತೊಡಬಾರದೆಂದು ಕಾನೂನೇ ಬಂತು, 1782ರವರೆಗೂ ಇತ್ತು. ಇದನ್ನು ತಿಳಿದಂದಿನಿಂದ ರಾಯರು ಚೌಕಳಿ ಲುಂಗಿ ಉಟ್ಟು ಗೇಟಿನ ಬಳಿ ನಿಂತಾಗ ಮುಖದಲ್ಲಿ ಸತ್ಯಾಗ್ರಹಿಯ ಕಳೆ.

'ಆ ದೇಶದ ಜಗಳ ನಿಮಗ್ಯಾಕೆ?' ಎಂದು ಕೇಳಿ ಕೆಟ್ಟೆ. ಉತ್ತರ ಸಿದ್ಧವಿತ್ತು. ಹುಡುಗನಾಗಿದ್ದಾಗ ಅದೇ ದಂಗೆಯಲ್ಲಿ ಸಿಕ್ಕಿಬಿದ್ದು ಕ್ಷಮೆ ಪಡೆದ ಲಾರ್ಡ್ ಮ್ಯಾಕ್ಲೌಡ್, 1777ರಲ್ಲಿ ಹೈಲ್ಯಾಂಡಿನವರ ಪಡೆಯೊಂದನ್ನು ಕಟ್ಟಿದ. ಆ ಪಡೆಯ ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಕೈಗೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ; 1799ರಲ್ಲಿ ಅದೇ ಕೋಟೆಗೆ ಲಗ್ಗೆಯಿಟ್ಟ ದಂಡಿನ ಮುಂದಾಳೂ ಅವನೇ. "ನಮ್ಮ ಮೈಸೂರಿನ ಕಥೆ ಇದು!" ಎಂದರು ರಾಯರು. ಅಷ್ಟೂ ನಿಜ, ಒಪ್ಪಲೇಬೇಕು. ಖುಷಿಯಿಂದ ಬೇರ್ಡನ ಬಗೆಗಿನ ಪುಸ್ತಕವೊಂದನ್ನು ತಂದುಕೊಟ್ಟೆ. ಹಾಕಿಕೊಟ್ಟ ಚೀಲದಲ್ಲೇ ಮರುದಿನ ವಾಪಸು ಬಂತು. ಬೇರ್ಡನ ಕಥೆಯಲ್ಲಿ ಕೆಂಗೂದಲಿನ ಜೇಮೀ ಇಲ್ಲ ನೋಡಿ.

ಈಗ ಅವರ ಸಿಟ್ಟೆಲ್ಲ ಲೇಖಕಿಯ ಮೇಲೆ. ಈ ಕಥೆಮಾಲೆಯ ಮೊದಲ ಸಂಪುಟ 1991ರಲ್ಲಿ. ಎಂಟನೆಯದು 2014, ಒಂಬತ್ತನೆಯದು 2021. "ಏಳು ವರ್ಷ! ನನ್ನ ವಯಸ್ಸಿನ ಓದುಗರೂ ಇರ್ತಾರೆ ಅನ್ನೋ ಯೋಚ್ನೆ ಈಯಮ್ಮನಿಗೆ ಬೇಡವೆ?" ಸಾಲದ ಕಂತು ತಪ್ಪಿಸಿದ ಗಿರಾಕಿಗೂ ಅವರು ಇಷ್ಟು ಗದರಿರಲಾರರು. 2014ರಿಂದ ಟೀವಿಗೂ ಬಂದ ಈ ಕಥೆಯನ್ನು ಮಧ್ಯಾಹ್ನ ಮನೆಯವರು ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಾರೆ. ಕೇಳಿದರೆ ಧಾರಾವಾಹಿಯಲ್ಲ, ಸಾಕ್ಷ್ಯಚಿತ್ರ.

ಇಂಥ ರಾಯರು ನಿಮ್ಮ ಬೀದಿಯಲ್ಲೂ ಇದ್ದಾರು. ಮೊದಲ ಸಂಪುಟವನ್ನು ತಾವಾಗಿಯೇ, ಪುಕ್ಕಟೆಯಾಗಿ ಕೈಗಿಡುತ್ತಾರೆ. ತೆಗೆದುಕೊಳ್ಳುವ ಮುನ್ನ ಅವರ ಕಪಾಟಿನಲ್ಲಿರುವ ಉಳಿದ ಎಂಟರ ದಪ್ಪವನ್ನು ಒಮ್ಮೆ ನೋಡಿ ಬನ್ನಿ.