ಎಡಗೋಲು

ನಮ್ಮ ಮನೆಯಲ್ಲಿ ಮಂಚದ ಯಾವ ಮಗ್ಗುಲು ಯಾರದ್ದು ಎಂಬುದು ಮದುವೆಯಾದ ಮೊದಲ ವಾರದಲ್ಲೇ ಇತ್ಯರ್ಥವಾಗಿ ಹೋಯಿತು. ನಾನು ಎಡಕ್ಕೆ, ಅವಳು ಬಲಕ್ಕೆ. ಇಪ್ಪತ್ತಾರು ವರ್ಷವಾದರೂ ಇದರಲ್ಲಿ ತಿದ್ದುಪಡಿ ಬಂದಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಫ್ಯಾನಿನ ಗಾಳಿಯ ಆಸೆಗೆ ಮಗ್ಗುಲು ಬದಲಿಸಿ ಮಲಗಿದೆವು. ರಾತ್ರಿಯೆಲ್ಲ ಇಬ್ಬರಿಗೂ ನಿದ್ದೆಯಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು, "ಎಡಗೋಲಿನ ಎತ್ತನ್ನ ಬಲಕ್ಕೆ ಕಟ್ಟಿದ ಹಾಗಾಯ್ತು" ಎಂದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹೆಂಡತಿ "ಹಾಗಂದ್ರೆ?" ಅಂದಳು. ಉತ್ಸಾಹದಿಂದ ವಿವರಿಸಲು ಹೊರಟೆ. ವಿವರಣೆ ಮುಗಿಯುವ ಹೊತ್ತಿಗೆ ಅವಳಿಗೆ ಅರ್ಥವಾದದ್ದು ಒಂದೇ: ಅವಳನ್ನು ನಾನು ಎತ್ತಿಗೆ ಹೋಲಿಸಿದ್ದೇನೆ.

ಅವಳಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ನೊಗದ ಎಡಕ್ಕೆ ಹೂಡುವುದು ಎಡಗೋಲು, ಬಲಕ್ಕೆ ಹೂಡುವುದು ಬಲಗೋಲು. ಹೋರಿಕರುವನ್ನು ಪಳಗಿಸುವಾಗ ಯಾವ ಕಡೆ ಹೂಡಿದರೋ ಆ ಕಡೆಯೇ ಅದರ ಪಾಲಿಗೆ ಪ್ರಪಂಚ. ಸಾಲಿನ ತುದಿಯಲ್ಲಿ ತಿರುಗುವಾಗ ಒಳಗಿನದು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಗಿನದು ಸುತ್ತಿ ಬರಬೇಕು. ಯಾರು ಎಷ್ಟು ಕಾಯಬೇಕು, ಯಾರು ಎಷ್ಟು ದೌಡಾಯಿಸಬೇಕು ಎಂಬ ಲೆಕ್ಕ ಅವೆರಡರ ನಡುವೆಯೇ ಇರುತ್ತದೆ. ಆರು ಕಟ್ಟಿದವನಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ನಮ್ಮ ಮನೆಯಲ್ಲಿ ಕರಿಯ ಎಡಗೋಲು, ಮಾಸ ಬಲಗೋಲು. ಕರಿಯ ಹೆಸರಿಗೆ ಕರಿಯ, ಮೈಬಣ್ಣ ಮೋಡದ ಬೂದಿ. ಎರಡೂ ಹಳ್ಳಿಕಾರ್ ತಳಿ. ಉಬ್ಬಿದ ಹಣೆಯ ನಡುವೆ ಬೆರಳಿಟ್ಟು ಗೆರೆ ಎಳೆದಂತೆ ಒಂದು ತಗ್ಗು, ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗುವ ನೀಳ ಕೋಡು. ಕರಿಯನ ಆ ಹಣೆಯ ತಗ್ಗಿನಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತಿತ್ತು. ಉಜ್ಜಿದರೆ ಕಣ್ಣು ಮುಚ್ಚುತ್ತಿದ್ದ. ನಿಲ್ಲಿಸಿದರೆ ಕೋಡಿನಿಂದ ಮೆಲ್ಲಗೆ ತಿವಿಯುತ್ತಿದ್ದ.

ಈ ಜೋಡಿಯನ್ನು ತಾತ ತುಮಕೂರಿನ ಸಿದ್ಧಗಂಗೆ ಜಾತ್ರೆಯಲ್ಲಿ ಹಿಡಿದು ತಂದದ್ದು. ಮೂರು ದಿನ ಜಾತ್ರೆ ಸುತ್ತಿ, ನೂರಾರು ದನಗಳ ಬಾಯಿ ಬಿಡಿಸಿ ಹಲ್ಲು ನೋಡಿದ್ದರಂತೆ. ದನದ ಮೇಲ್ದವಡೆಗೆ ಮುಂಹಲ್ಲು ಇರುವುದಿಲ್ಲ. ಕೆಳಗಡೆ ಎಂಟು. ಹಾಲುಹಲ್ಲು ಉದುರಿದ ಮೇಲೆ ಜೋಡಿಜೋಡಿಯಾಗಿ ದೊಡ್ಡ ಹಲ್ಲು ಬರುತ್ತವೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದರೆ ಬಾಯಿಗೂಡಿತು. ಆಮೇಲೆ ವಯಸ್ಸಿನ ವಿಚಾರದಲ್ಲಿ ಮಾರುವವನು ಹೇಳಿದ್ದೇ ಮಾತು. ಹಲ್ಲಾದ ಮೇಲೆ ಸುಳಿ, ಗೊರಸು, ಬಾಲದ ಕುಚ್ಚು, ನಡಿಗೆ. ನನ್ನ ಸೋದರತ್ತೆಗೆ ಗಂಡು ನೋಡಲು ಹೋದಾಗ ಇದೇ ತಾತ ಉಪ್ಪಿಟ್ಟು ತಿನ್ನುವಷ್ಟು ಹೊತ್ತಿನಲ್ಲಿ ಮಾತು ಮುಗಿಸಿ ಬಂದಿದ್ದರು. ಅತ್ತೆ ಈಗಲೂ ಸಿಟ್ಟು ಬಂದರೆ, "ನಮ್ಮಪ್ಪ ಇವರ ಬಾಯೊಂದು ಬಿಡಿಸಿ ನೋಡಿದ್ದಿದ್ರೆ ಆಗಿರೋದು" ಅನ್ನುತ್ತಾರೆ. ಮಾವ ಪಕ್ಕದಲ್ಲೇ ಪೇಪರ್ ಓದುತ್ತಿರುತ್ತಾರೆ.

ವ್ಯಾಪಾರ ನಡೆಯುವುದು ಟವೆಲಿನ ಕೆಳಗೆ. ದಲ್ಲಾಳಿಯ ಕೈ, ಕೊಳ್ಳುವವನ ಕೈ ಒಳಗೆ, ಬೆರಳು ಹಿಡಿದು ಬಿಟ್ಟು ಲೆಕ್ಕ. ಹೊರಗಿನಿಂದ ನೋಡಿದರೆ ಇಬ್ಬರೂ ಯಾರದೋ ಸಾವಿಗೆ ಬಂದವರ ಹಾಗೆ ಮುಖ ಹಾಕಿಕೊಂಡು ಆಕಾಶ ನೋಡುತ್ತಿರುತ್ತಾರೆ. ಎಂಟು ವರ್ಷದವನಿದ್ದಾಗ ನಾನು ಕುತೂಹಲ ತಡೆಯಲಾರದೆ ಟವೆಲ್ ಎತ್ತಿ ಇಣುಕಿದೆ. ಕಪಾಳಕ್ಕೆ ಬಿದ್ದ ಏಟು ತಾತನದೋ ದಲ್ಲಾಳಿಯದೋ ಇವತ್ತಿಗೂ ಗೊತ್ತಿಲ್ಲ. ಒಳಗೆ ಕಂಡದ್ದು ಮಾತ್ರ ನೆನಪಿದೆ: ಎರಡು ಬಿರುಕು ಬಿಟ್ಟ ಕೈಗಳು, ಬೆವರು.

ತಾತನಿಗೆ ಸೋಮವಾರ ಒಪ್ಪತ್ತು. ಸಂತೆಯೂ ಸೋಮವಾರವೇ. ರಾತ್ರಿ ಶಿವಪೂಜೆ ಆಗುವ ತನಕ ಹಲ್ಲಿಗೆ ಏನೂ ತಾಗಿಸದ ಗಂಡನನ್ನು ಕಂಡರೆ ಅಜ್ಜಿಗೆ ಹೆಮ್ಮೆಯೂ ಹೌದು, ಸಂಕಟವೂ ಹೌದು. ಒಂದು ಸೋಮವಾರ ಬಳೆ ತೊಡಿಸಿಕೊಳ್ಳಬೇಕೆಂದು ಅಜ್ಜಿಯೂ ಗಾಡಿ ಹತ್ತಿದರು. ನಾನು ಹಿಂದೆ ಹುಲ್ಲಿನ ಮೇಲೆ. ಪೇಟೆ ಬೀದಿ ಬಂದದ್ದೇ ಕರಿಯ, ಮಾಸ ಎರಡೂ ಯಾರ ಅಪ್ಪಣೆಗೂ ಕಾಯದೆ ಎಡಕ್ಕೆ ಹೊರಳಿ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದವು. ತಾತ "ಹೋಯ್, ಹೋಯ್" ಎಂದು ಬಾಲ ಮುರಿದರೂ ಕದಲಲಿಲ್ಲ. ಅಷ್ಟರಲ್ಲಿ ಸಪ್ಲೈಯರ್ ಹುಡುಗ ಎರಡು ಬಾಳೆಹಣ್ಣು ತಂದು ಎತ್ತುಗಳಿಗೆ ಒಂದೊಂದು ತಿನ್ನಿಸಿ, "ಯಜಮಾನ್ರೇ, ಇವತ್ತು ಖಾಲಿನೋ, ಮಸಾಲೇನೋ?" ಎಂದ. ಬೀದಿಗೆ ಬೀದಿಯೇ ಸುಮ್ಮನಾದಂತೆ ನನಗನ್ನಿಸಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಗಾಡಿಯ ಮೇಲಿಂದಲೇ, "ಮೂರು ಮಸಾಲೆ ತತ್ತಾರಪ್ಪ" ಎಂದರು. ಮುಂದಿನ ಸೋಮವಾರದಿಂದ ಅಜ್ಜಿ ತಪ್ಪದೆ ಸಂತೆಗೆ ಹೊರಡತೊಡಗಿದರು. ಪಾಪ, ಎಷ್ಟು ಬಳೆ ತೊಡಿಸಿಕೊಂಡಾರು.

ನಮ್ಮ ಈ ಎತ್ತುಗಳ ಬಂಧುಬಳಗಕ್ಕೆ ಅರಮನೆಯ ನಂಟೂ ಉಂಟು. 1673ರಿಂದ 1704ರವರೆಗೆ ಮೈಸೂರಾಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನದ ಮಂದೆಗೆ 'ಬೆಣ್ಣೆ ಚಾವಡಿ' ಎಂದು ಹೆಸರು. ಹೆಸರೇ ಹೇಳುವಂತೆ ಆಗಿನ ಲಕ್ಷ್ಯ ಬೆಣ್ಣೆಯ ಕಡೆಗೆ. ಆಮೇಲೆ ಹೈದರನ ಕಾಲಕ್ಕೆ ಫಿರಂಗಿ, ಮದ್ದುಗುಂಡು ಎಳೆಯುವ ಕೆಲಸ ಬಿತ್ತು. ಟಿಪ್ಪು 'ಅಮೃತಮಹಲ್' ಎಂದು ಹೆಸರು ಬದಲಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮಂದೆ ಇಂಗ್ಲಿಷರ ಕೈ ಸೇರಿತು. ಎತ್ತುಗಳ ದೃಷ್ಟಿಯಲ್ಲಿ ರಾಜ್ಯ ಬದಲಾಯಿತೇ ಹೊರತು ನೊಗ ಬದಲಾಗಲಿಲ್ಲ. 1860ರಲ್ಲಿ ಖರ್ಚು ಉಳಿಸಬೇಕೆಂದು ಇಡೀ ಮಂದೆಯನ್ನೇ ಹರಾಜು ಹಾಕಿದರು. ಕೆಲವೇ ವರ್ಷಗಳಲ್ಲಿ ಎತ್ತಿಗೆ ಬರ ಬಂದು, ಮಾರಿದವರೇ ಮತ್ತೆ ಊರೂರು ತಿರುಗಿ ದನ ಕೂಡಿಸಿದರು. ಉಳಿತಾಯ ಎಂಬ ಪದ ಕೇಳಿದಾಗಲೆಲ್ಲ ನನಗೆ ಈ ಹರಾಜು ನೆನಪಾಗುತ್ತದೆ. ನಮ್ಮ ಹಳ್ಳಿಕಾರಿಗೂ ಒಂದು ಮರ್ಯಾದೆ ಸಂದಿತೆನ್ನಿ. 2000ದಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಅಷ್ಟು ಹೊತ್ತಿಗೆ ಕಾಗದ ಬರೆಯುವವರೂ ಕಮ್ಮಿಯಾಗಿದ್ದರು, ಎತ್ತು ಕಟ್ಟುವವರೂ.

ನಾವೂ ಮಾರಿದೆವು. ತಾತ ಹೋದ ಮೇಲೆ ಅಪ್ಪನೊಬ್ಬನೇ ಬೆಳಗಿನ ಜಾವ ನಾಲ್ಕಕ್ಕೆದ್ದು ಹುಲ್ಲು ಹಾಕಿ, ಸಗಣಿ ಬಾಚಿ, ಕಲಗಚ್ಚು ಕುಡಿಸಿ, ಆರು ಹೂಡಿ ದಿನವಿಡೀ ಹಿಂದೆ ನಡೆದರೆ ಹೆಚ್ಚೆಂದರೆ ಒಂದೆಕರೆ. ಬಾಡಿಗೆ ಟ್ರ್ಯಾಕ್ಟರ್ ಅದನ್ನು ಬೀಡಿ ಸೇದುತ್ತಾ ಮುಗಿಸಿ ಹೋಗುತ್ತಿತ್ತು. ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಎದ್ದ ಬಾವು, ಅದಕ್ಕೆ ಹಚ್ಚುತ್ತಿದ್ದ ಬೇವಿನೆಣ್ಣೆಯ ವಾಸನೆ, ಎಲ್ಲವನ್ನೂ ಬಲ್ಲವರು ಆ ಕಾಲ ಬಂಗಾರದ್ದು ಎನ್ನಲಾರರು. ಮಾರಿದ ಮಾರನೆಯ ದಿನ ಅಪ್ಪ ಬಿಸಿಲು ಬೀಳುವ ತನಕ ಮಲಗಿದ್ದ. ಯಾರಿಗೆ ಮಾರಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂಗುದಾರ ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದ್ದ. ಅದು ಬಹಳ ಕಾಲ ಅಲ್ಲೇ ಇತ್ತು.

ಕೊಟ್ಟಿಗೆ ಖಾಲಿಯಾದರೂ ಬಾಯಿ ಖಾಲಿಯಾಗಿಲ್ಲ. ನೆನಪು ಮೆಲುಕು ಹಾಕುತ್ತೇವೆ, ಮಗನಿಗೆ ಮದುವೆ ಮಾಡಿ ಮೂಗುದಾರ ತೊಡಿಸುತ್ತೇವೆ, ಆಫೀಸಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತೇವೆ, ಮೀಟಿಂಗಿನಲ್ಲಿ ಕೋಲೆಬಸವನ ಹಾಗೆ ತಲೆ ಆಡಿಸುತ್ತೇವೆ. ನನ್ನ ಮಗ ಎತ್ತಿನ ಮೈ ಮುಟ್ಟಿ ನೋಡಿದವನಲ್ಲ. ಆದರೂ ಮೊನ್ನೆ ನಮ್ಮಿಬ್ಬರ ಜಗಳ ನೋಡಿ, "ಎತ್ತು ಏರಿಗೆ, ಕೋಣ ನೀರಿಗೆ" ಅಂದ. ಯಾರು ಎತ್ತು, ಯಾರು ಕೋಣ ಎಂಬ ಪ್ರಶ್ನೆಗೆ ಜಗಳ ತಿರುಗಿತು.

ಕೋಣ ನೀರಿಗೆಳೆಯುವುದನ್ನೇ ಹಬ್ಬ ಮಾಡಿಕೊಂಡ ಜಾಣರು ಕರಾವಳಿಯವರು. ಕಂಬಳದ ಕನೆಹಲಗೆ ವಿಭಾಗದಲ್ಲಂತೂ ಕೋಣಗಳ ಓಟಕ್ಕಿಂತ ಚಿಮ್ಮುವ ಕೆಸರುನೀರು ಎಷ್ಟು ಎತ್ತರದ ನಿಶಾನೆಗೆ ಬಡಿಯಿತು ಎಂಬುದೇ ಮುಖ್ಯ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ತಡೆ ಬಿತ್ತು. 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಅದೇ ನವೆಂಬರಿನಲ್ಲಿ ಕೋಣಗಳು ಲಾರಿ ಹತ್ತಿ ಘಟ್ಟ ಏರಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದವು. ನಾನೂ ಹೋಗಿದ್ದೆ. ಜನರ ತಲೆಗಳ ನಡುವೆ ಕಂಡದ್ದು ಒಂದು ಕೋಣದ ಬೆನ್ನು, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು. ಹುರುಳಿ ತಿಂದು, ದಿನವೂ ಮಾಲೀಸು ಮಾಡಿಸಿಕೊಂಡು, ಈಜಿಗೆ ಹೋಗುವ ಮೈ ಅದು. ನೇಗಿಲು ಎಂಬ ವಿಭಾಗ ಕಂಬಳದಲ್ಲಿ ಈಗಲೂ ಇದೆ. ಗದ್ದೆಯ ಉಳುಮೆಯನ್ನು ಮಾತ್ರ ಟಿಲ್ಲರ್ ನೋಡಿಕೊಳ್ಳುತ್ತದೆ.

ನಮ್ಮ ಕಡೆಯೂ ಅದೇ ಗಾಳಿ. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತಮ್ಮನ ಜೊತೆ ಹೋಗಿದ್ದೆ. ಶಾಮಿಯಾನ, ಕೆಳಗೆ ಹುಲ್ಲಿನ ಮೆತ್ತೆ, ಮೇಲೆ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕ ಹಾಕಿದ ಯಜಮಾನ, ಯಜಮಾನನ ಗೆಳೆಯರು, ಮೂಲೆಯಲ್ಲಿ ಚಿಕ್ಕದಾಗಿ ಎತ್ತು. ಜೋಡಿಗೆ ಲಕ್ಷಗಳ ಮಾತು. ಹಳೇ ಚಾಳಿಗೆ ನಾನು ಹಲ್ಲು ನೋಡಲು ಕೈ ಹಾಕಿದೆ. "ಮುಟ್ಬೇಡಿ ಸಾರ್" ಎಂದ ಒಬ್ಬ ಹುಡುಗ.

"ಗೇಮೆ ಹೆಂಗೆ?" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇದ್ಯಾಕ್ ಗೇಯುತ್ತೆ ಸಾರ್? ಇದು ಮೆರವಣಿಗೆದು."

ಬೇಸರವೇನೂ ಆಗಲಿಲ್ಲ. ಆ ಹುಡುಗರು ಇಲ್ಲದಿದ್ದರೆ ಆ ಕೋಡು, ಆ ಹಣೆ ನೋಡಲಿಕ್ಕೂ ಸಿಗುತ್ತಿರಲಿಲ್ಲ. ಆದರೂ ಬಾಯಿಗೂಡಿದ ಎತ್ತೊಂದು ನೊಗದ ತೂಕವೇ ಗೊತ್ತಿಲ್ಲದೆ ನಿಂತಿರುವುದನ್ನು ಕಂಡು, ಕೂತಲ್ಲಿಗೇ ಎಲ್ಲ ಬರುವ ಮನೆಯ ಮಕ್ಕಳನ್ನು ಕಂಡಾಗ ಆಗುವಂಥದ್ದೇನೋ ಆಯಿತು.

ಆಚರಣೆ ಬಿಡುವ ಜಾಯಮಾನ ನಮ್ಮದಲ್ಲ. ಯುಗಾದಿಯ ಹೊನ್ನಾರನ್ನೇ ತೆಗೆದುಕೊಳ್ಳಿ. ವರ್ಷದ ಮೊದಲ ಉಳುಮೆ. ಯಾವ ಹೆಸರಿನವರು ಮೊದಲು ಹೂಡಬೇಕು, ಯಾವ ಬಣ್ಣದ ಎತ್ತು ಆಗಬೇಕು ಎಂದು ಪಂಚಾಂಗ ನೋಡಿ ಹೇಳುವುದು ಕ್ರಮ. ನಮ್ಮೂರಲ್ಲಿ ಈಗಲೂ ಕೇಳುತ್ತಾರೆ. ಹೋದ ಸಲ ಅಯ್ಯನವರು ಕೆಂಪು ಬಣ್ಣ ಎಂದರು. ಊರಿನ ಟ್ರ್ಯಾಕ್ಟರುಗಳಲ್ಲಿ ಕೆಂಪಗಿದ್ದದ್ದನ್ನು ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಮಾವಿನ ಸೊಪ್ಪು ಕಟ್ಟಿ ಮುಂದೆ ಬಿಟ್ಟರು. ನೀಲಿ ಟ್ರ್ಯಾಕ್ಟರಿನವನು ಮುಖ ಊದಿಸಿಕೊಂಡು ಹಿಂದೆ ಬಂದ.

ಸಂಕ್ರಾಂತಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಡೀಸೆಲ್ ಟ್ಯಾಂಕಿನ ಸಮೇತ ಕಿಚ್ಚು ಹಾಯಿಸಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ನಮ್ಮೂರಲ್ಲಿ ಉಳಿದಿರುವ ಒಂದೇ ಒಂದು ಗೇಮೆಯ ಜೋಡಿಗೆ ಆ ಸಂಜೆ ಎಲ್ಲಿಲ್ಲದ ಬೇಡಿಕೆ. ಯಜಮಾನ ಬೀದಿಗೆ ಐನೂರು ರೂಪಾಯಿ ಎಂದು ದರ ಇಟ್ಟಿದ್ದಾನೆ. ಮೇಲಿನ ಬೀದಿ ಮುಗಿಸಿ, ನಡುಬೀದಿ ಮುಗಿಸಿ, ಸತ್ಯನಾರಾಯಣ ಪೂಜೆಯ ಸೀಸನ್ನಿನಲ್ಲಿ ಪುರೋಹಿತರು ಓಡಾಡುವ ಹಾಗೆ ಎತ್ತುಗಳು ಬೀದಿಯಿಂದ ಬೀದಿಗೆ ಹೋಗುತ್ತವೆ.

ಹೋದ ಸಂಕ್ರಾಂತಿಗೆ ನಮ್ಮ ಬೀದಿಯ ಸರದಿ ಬಂದಾಗ ಕತ್ತಲಾಗಿತ್ತು. ಕಾಂಕ್ರೀಟ್ ರಸ್ತೆಗೆ ಅಡ್ಡಲಾಗಿ ರಾಗಿಹುಲ್ಲು ಹರವಿದ್ದರು. ಎತ್ತುಗಳ ಕೋಡಿಗೆ ಬಣ್ಣ, ತುದಿಗೆ ಹಿತ್ತಾಳೆಯ ಕೊಡಣಸು, ಜೊತೆಗೆ ಬಲೂನು. ಹಣೆಗೆ ಅರಿಶಿನ. ಹುಡುಗರೆಲ್ಲ ಮೊಬೈಲ್ ಎತ್ತಿ ನಿಂತರು. ಹುಲ್ಲಿಗೆ ಬೆಂಕಿ ಇಟ್ಟು "ಹೋ" ಎಂದು ಹಗ್ಗ ಎಳೆದರೆ ಎತ್ತುಗಳು ಹೆಜ್ಜೆ ಕೀಳಲಿಲ್ಲ. ಎರಡು ಬೀದಿ ಹಾಯ್ದು ಬಂದವು ಇಲ್ಲಿ ಕಾಲೂರಿ ನಿಂತುಬಿಟ್ಟವು. ಬೆಂಕಿ ಆರಿತು. ಮತ್ತೆ ಹುಲ್ಲು ತಂದು ಹಚ್ಚಿದರು. ಮತ್ತೆ ಅದೇ. ಪಟಾಕಿಗೆ ಬೆದರಿವೆ ಎಂದ ಒಬ್ಬ. ಬಲೂನು ಕಿತ್ತುಹಾಕಿ ಎಂದ ಇನ್ನೊಬ್ಬ. ಐನೂರು ವಾಪಸ್ ಕೊಡು ಎಂದ ಮತ್ತೊಬ್ಬ.

ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ದೊಡ್ಡಪ್ಪನಿಗೆ ಎಂಬತ್ತೈದು ದಾಟಿದೆ, ಒಂದು ಕಣ್ಣಿಗೆ ಪೊರೆ. ಇನ್ನೊಂದು ಕಣ್ಣಿನಲ್ಲಿ ಬಗ್ಗಿ ನೋಡಿ, "ಥೂ ನಿಮ್ಮ, ಎಡಗೋಲು ಬಲಕ್ಕೆ ಬಂದೈತೆ ನೋಡ್ರಲಾ" ಎಂದರು. ನಡುಬೀದಿಯಲ್ಲಿ ಫೋಟೋಕ್ಕೆ ನಿಲ್ಲಿಸುವಾಗ ಹುಡುಗರು ಹಗ್ಗ ಅದಲುಬದಲು ಮಾಡಿಕೊಂಡಿದ್ದರು. ಹಗ್ಗ ಬಿಡುತ್ತಿದ್ದಂತೆ, ಯಾರೂ ಮುಟ್ಟದೆಯೇ, ಒಂದು ಎತ್ತು ಎರಡು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು ಅದರ ಮುಂದಿನಿಂದ ದಾಟಿ ಆ ಕಡೆಗೆ ಹೋಗಿ ನಿಂತಿತು. ಬರೀ ಗಾಳಿಯಲ್ಲಿ, ಇಲ್ಲದ ನೊಗಕ್ಕೆ ಹೆಗಲು ಕೊಟ್ಟ ಹಾಗೆ. ಮೂರನೆಯ ಸಲ ಹುಲ್ಲು ಹಚ್ಚಿದರು. ಗೆಜ್ಜೆ ಒಮ್ಮೆ ಝಲ್ಲೆಂದಿತು, ಎರಡೂ ಒಟ್ಟಿಗೆ ಹಾರಿ ಹೊಗೆಯ ಆಚೆ ಹೋದವು.

ಯಾವ ಮೊಬೈಲಿನಲ್ಲೂ ಸರಿಯಾಗಿ ಬಂದಿರಲಿಲ್ಲ. ಇನ್ನೊಂದು ಸಲ ಹಾರಿಸೋಣ ಎಂದು ಹುಡುಗರು ಓಡಿದರು. ಎತ್ತುಗಳು ಆಗಲೇ ಬೀದಿಯ ತಿರುವು ದಾಟಿ, ಯಜಮಾನನನ್ನು ಇಲ್ಲೇ ಬಿಟ್ಟು, ತಮ್ಮ ಕೊಟ್ಟಿಗೆಯ ಕಡೆ ಹೋಗುತ್ತಿದ್ದವು. ಹೆಂಡತಿ ನನ್ನ ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದಳು. ಏನೂ ಅನ್ನಲಿಲ್ಲ. ರಾತ್ರಿ ಊರಿನ ಮನೆಯಲ್ಲಿ ಚಾಪೆ ಹಾಸಿದಾಗ, ನಾನು ತಿಳಿಯದೆ ಬಲಗಡೆ ಕೂತಿದ್ದೆ. "ಸರೀರಿ ಆ ಕಡೆ" ಎಂದಳು.