ಡಬ್ಬದ ಹುಳು: ಕಾಲ, ದೇಶ, ಮತ ಮತ್ತು ಕರ್ತೃತ್ವ

ಕನ್ನಡ ವಿದ್ವತ್ತು ಹುಳುವಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ. ಓಲೆಗರಿಯ ಮೂಲೆ ಮುರಿದಿದ್ದರೆ ‘ಹುಳು ತಿಂದಿದೆ’, ಕೊನೆಯ ಆಶ್ವಾಸ ಸಿಗದಿದ್ದರೆ ‘ಹುಳು ತಿಂದಿದೆ’, ಪದ್ಯದ ಅರ್ಥ ಸಂಪಾದಕರಿಗೆ ಹೊಳೆಯದಿದ್ದರೂ ಅದೇ ಅಡಿಟಿಪ್ಪಣಿ. ತಿಂದದ್ದನ್ನು ಎತ್ತಿ ಆಡಿದವರು, ತಿಂದ ಮೇಲೆ ಅದು ಏನು ರಚಿಸಿತು ಎಂದು ಮಾತ್ರ ವಿಚಾರಿಸಲಿಲ್ಲ. ಈ ಕೊರತೆ ತುಂಬಲು ಪ್ರಸ್ತುತ ಸಂಶೋಧಕನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ನಿಗೂ ಕರಿಬೇವಿನ ಕುಂಡಕ್ಕೂ ನಡುವೆ ನಿಂತಿರುವ ಮೂರಂತಸ್ತಿನ ಮಣ್ಣಿನ ಮಡಕೆಯನ್ನು, ಅಂದರೆ ಮನೆಯ ಗೊಬ್ಬರದ ಡಬ್ಬವನ್ನು, ಆಕರವಾಗಿ ಇಟ್ಟುಕೊಂಡಿದ್ದಾನೆ. ಪ್ರತಿ ಒದ್ದೆಯಾಗಿದೆ, ವಾಸನೆಯೂ ಇದೆ, ಆದರೆ ಸಮಗ್ರವಾಗಿದೆ. ಕವಿಚರಿತೆಗಳ ಪದ್ಧತಿಯನ್ನೇ ಇಲ್ಲಿ ಅನುಸರಿಸಲಾಗಿದೆ.

ಮೊದಲು ಕಾಲನಿರ್ಣಯ. ‘ನಿನ್ನೆ ಏನೂ ಇರ್ಲಿಲ್ಲ ಕಣ್ರೀ, ಬೆಳಿಗ್ಗೆ ಮುಚ್ಚಳ ತೆಗೆದ್ರೆ ಹುಳ ಗಿಜಿಗುಡ್ತಿದೆ’ ಎಂಬ ಎದುರುಮನೆಯವರ ಮಾತೇ ನಮಗೆ ದೊರೆತಿರುವ ಏಕೈಕ ಸಮಕಾಲೀನ ಉಲ್ಲೇಖ. ಇದನ್ನು ನಂಬಿದರೆ ಕೊಳೆತದ್ದರಲ್ಲಿ ಹುಳು ತಾನೇ ತಾನಾಗಿ ಹುಟ್ಟುತ್ತದೆಂದು ಒಪ್ಪಬೇಕಾಗುತ್ತದೆ. ಸ್ವೇದಜವಾದಿಗಳೆನ್ನಬಹುದಾದ ಈ ಪಂಥಕ್ಕೆ ಪ್ರತಿ ಮಹಡಿಯಲ್ಲೂ ಅನುಯಾಯಿಗಳಿದ್ದಾರೆ. ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಮಾಂಸದ ಜಾಡಿಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿ, ನೊಣ ಕೂತ ಮಾಂಸದಲ್ಲಷ್ಟೇ ಹುಳು ಆಗುತ್ತದೆಂದು ತೋರಿಸಿದ್ದ. ಆ ಸುದ್ದಿ ನಮ್ಮ ಲಿಫ್ಟಿನವರೆಗೆ ಇನ್ನೂ ಬಂದಿಲ್ಲ. ನಮ್ಮ ಡಬ್ಬದ ಆದಿಕವಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ಕಪ್ಪು ನೊಣದ ಮರಿ. ಗೊಬ್ಬರದ ಮಂದಿ ಇದನ್ನು ಚಿಕ್ಕದಾಗಿ ಬಿಎಸ್‌ಎಫ್ ಎನ್ನುತ್ತಾರೆ. ಗಡಿ ಕಾಯುವವರಿಗೂ ಇದಕ್ಕೂ ಇರಬಹುದಾದ ಸಂಬಂಧ ಈ ಪ್ರಬಂಧದ ವ್ಯಾಪ್ತಿಯಲ್ಲಿಲ್ಲ. ತಾಯಿನೊಣ ಸುಮಾರು ಐನೂರು ಮೊಟ್ಟೆಗಳನ್ನು ಇಡುವುದು ಕೊಳೆತದ್ದರ ಮೇಲಲ್ಲ, ಅದರ ಹತ್ತಿರದ ಒಣ ಸಂದಿಯಲ್ಲಿ, ಅಂದರೆ ಮುಚ್ಚಳದ ಅಂಚಿನಲ್ಲಿ. ನಾಲ್ಕು ದಿನದ ಆಸುಪಾಸಿನಲ್ಲಿ ಮೊಟ್ಟೆ ಒಡೆದು ಮರಿಗಳು ಕೆಳಗಿಳಿಯುತ್ತವೆ. ಕಣ್ಣಿಗೆ ಬೀಳುವಷ್ಟು ದಪ್ಪಗಾಗಲು ಇನ್ನೂ ಕೆಲವು ದಿನ ಬೇಕು. ಆದ್ದರಿಂದ ಕೃತಿಯ ಆರಂಭವನ್ನು ‘ನಿನ್ನೆ’ಯಿಂದ ವಾರಕ್ಕೂ ಹಿಂದಕ್ಕೆ ಒಯ್ಯಬೇಕು. ಕಾಲವನ್ನು ಹಿಂದಕ್ಕೆ ಒಯ್ದರೆ ಕನ್ನಡದಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ದೇಶದ ವಿಷಯದಲ್ಲಿ ತಕರಾರಿದೆ. ಬಿಎಸ್‌ಎಫ್ ಮೂಲತಃ ಅಮೆರಿಕ ಖಂಡದ್ದು. ಎರೆಗೊಬ್ಬರದವರು ಚೀಲದಲ್ಲಿ ತಂದುಕೊಡುವ ಯೂಡ್ರಿಲಸ್ ಯುಜಿನಿಯೆ ಎಂಬ ಎರೆಹುಳು ಪಶ್ಚಿಮ ಆಫ್ರಿಕದ್ದು. ಐಸೀನಿಯ ಫೆಟಿಡ ಯೂರೋಪಿನದು. ನಮ್ಮ ಕಡೆಯದೆಂದು ಎದೆ ತಟ್ಟಿ ಹೇಳಬಹುದಾದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಒಂದಿದೆ: ತೆಳ್ಳಗೆ, ನೇರಳೆ ಹೊಳಪಿನದು, ಮುಟ್ಟಿದರೆ ಚಿಮ್ಮುವಂಥದು. ಮಳೆ ಬರುವ ಸೂಚನೆ ಕಂಡರೆ ಡಬ್ಬ ಬಿಟ್ಟು ಹೊರಡುವ ಚಾಳಿ ಇದಕ್ಕೇ ಹೆಚ್ಚು. ಹೊರಗಿನವು ಕೂತು ಕೆಲಸ ಮಾಡುತ್ತವೆ, ನಮ್ಮದು ಗೋಡೆ ಹತ್ತುತ್ತದೆ. ನವೆಂಬರ್ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಕ್ಷೇಮವಲ್ಲ.

ಮತವಿಚಾರದಲ್ಲಿ ನಾಂದೀಪದ್ಯವಿಲ್ಲದ ಕಾರಣ ಆಹಾರವನ್ನೇ ಆಧಾರವಾಗಿ ಹಿಡಿಯಬೇಕಾಯಿತು. ಎರೆಹುಳುವಿಗೆ ಈರುಳ್ಳಿ, ಬೆಳ್ಳುಳ್ಳಿ ಆಗಿಬರುವುದಿಲ್ಲ. ಖಾರ, ಹುಳಿ ಬೇಡ. ಉಪ್ಪಿನಕಾಯಿ ಸುರಿದರೆ ಪ್ರಾಣವೇ ಹೋಗುತ್ತದೆ, ಏಕೆಂದರೆ ಅದು ಉಸಿರಾಡುವುದು ಒದ್ದೆ ಚರ್ಮದಿಂದ, ಉಪ್ಪು ಆ ಒದ್ದೆಯನ್ನು ಹೀರಿಬಿಡುತ್ತದೆ. ಇಷ್ಟನ್ನು ನೋಡಿ ಅದನ್ನು ಯಾವ ಮಠದ ಪಂಕ್ತಿಯಲ್ಲಿ ಕೂರಿಸಬೇಕೆಂದು ವಿದ್ವಾಂಸರು ಆಗಲೇ ಕಿತ್ತಾಡಿಕೊಂಡಿದ್ದಾರೆ. ಬಿಎಸ್‌ಎಫ್‌ನ ಪ್ರಶ್ನೆ ಇನ್ನೂ ತೊಡಕಿನದು. ಬೆಳೆದ ನೊಣ ಕಚ್ಚುವುದಿಲ್ಲ, ಊಟದ ತಟ್ಟೆಯ ಮೇಲೆ ಕೂರುವುದಿಲ್ಲ. ಬಾಲ್ಯದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೇ ತನ್ನ ಕೆಲವೇ ದಿನಗಳ ಆಯುಸ್ಸನ್ನು ಬಹುಮಟ್ಟಿಗೆ ಕಳೆಯುತ್ತದೆ. ಇದು ಸ್ಪಷ್ಟವಾಗಿ ಸಲ್ಲೇಖನವೆಂದು ಒಂದು ಪಕ್ಷ ವಾದಿಸಿತು. ಅದೇ ಜೀವ ಬಾಲ್ಯದಲ್ಲಿ ಬಂಗಡೆಯ ತಲೆಯನ್ನೂ ಬಿಡದೆ ತಿಂದದ್ದನ್ನು ತೋರಿಸಿದ ಮೇಲೆ ಆ ಪಕ್ಷ ಸುಮ್ಮನಾಯಿತು.

ಹುಳುವಿಗೆ ನಿಜವಾದ ರಾಜಾಶ್ರಯ ಸಿಕ್ಕಿದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ಚಾರ್ಲ್ಸ್ ಡಾರ್ವಿನ್ನನ ಮನೆಯಲ್ಲಿ. ಎರೆಹುಳುವಿಗೆ ಕಿವಿ ಇದೆಯೇ ಎಂದು ಪರೀಕ್ಷಿಸಲು ಮಗ ಬಸೂನ್ ಎಂಬ ಉದ್ದ ಕೊಳವೆಯ ವಾದ್ಯವನ್ನು ಕುಂಡಗಳ ಮುಂದೆ ಊದಿದ, ಹೆಂಡತಿ ಪಿಯಾನೊ ನುಡಿಸಿದಳು, ಹುಳುಗಳು ಕದಲಲಿಲ್ಲ. ಕುಂಡಗಳನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ನಡುಕ ತಾಗಿ ಬಿಲದೊಳಗೆ ಸರಕ್ಕನೆ ಸರಿದವು. ಡಾರ್ವಿನ್ ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಹರಡಿ, ಯಾವ ಮೂಲೆ ಹಿಡಿದು ಎಳೆಯುತ್ತವೆಂದು ರಾಶಿಗಟ್ಟಲೆ ಎಣಿಸಿದ. ಇದೆಲ್ಲ 1881ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ಡಾರ್ವಿನ್ ತೀರಿಕೊಂಡ. ಅಣಕು ಬರೆಯಲು ಹೊರಟವನಿಗೆ ಇಂಥ ಅಸಲಿ ಸಂಶೋಧನೆ ಎದುರಾದರೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ನಾಡಿನಲ್ಲಿ ಹುಳುವಿಗೆ ಪಿಯಾನೊ ದೊರೆಯದಿದ್ದರೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ರಾಧಾ ಕಾಳೆಯವರಂಥ ವಿಜ್ಞಾನಿಗಳ ಆಶ್ರಯ ದೊರೆಯಿತು. ಕೃಷಿಮೇಳಕ್ಕೆ ಹೋದವರು ಎರೆಗೊಬ್ಬರದ ಚೀಲ ಹೊತ್ತು ಬರುವುದರ ಹಿಂದೆ ಆ ದುಡಿಮೆ ಇದೆ.

ಇನ್ನು ಕರ್ತೃತ್ವ, ಎಲ್ಲ ಜಗಳದ ತಾಯಿಬೇರು. ಎರಡು ಮೂರು ತಿಂಗಳಾದ ಮೇಲೆ ಕೆಳಗಿನ ಮಡಕೆಯಿಂದ ಕಪ್ಪನೆಯ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮನೆಯವರು ಫೋಟೊ ತೆಗೆಯುತ್ತಾರೆ, ‘ನಾನೇ ಮಾಡಿದ ಗೊಬ್ಬರ’ ಎಂದು ವಾಟ್ಸಾಪ್ ಬಳಗಕ್ಕೆ ಹಾಕುತ್ತಾರೆ. ಇಲ್ಲಿ ಕವಿರಾಜಮಾರ್ಗದ ವಿವಾದವನ್ನು ನೆನೆಯದೆ ವಿಧಿಯಿಲ್ಲ. ಬರೆದವನು ದೊರೆ ನೃಪತುಂಗನೋ, ಆಸ್ಥಾನದ ಶ್ರೀವಿಜಯನೋ? ದೊರೆ ಒಪ್ಪಿಗೆ ಕೊಟ್ಟ, ಕವಿ ಬರೆದ ಎಂಬಲ್ಲಿಗೆ ಬಹುಪಾಲು ವಿದ್ವಾಂಸರು ಬಂದು ನಿಂತಿದ್ದಾರೆ. ನಮ್ಮ ಮಡಕೆಯಲ್ಲೂ ಮನೆಯವರದು ಒಪ್ಪಿಗೆಯ ಪಾತ್ರ, ಅದೂ ಮೂಗು ಮುಚ್ಚಿಕೊಂಡು.

ಅಂತರಂಗದ ಆಧಾರಗಳನ್ನು ಕೆದಕಿದರೆ ಇದು ಬಹುಕರ್ತೃಕ ಕೃತಿ. ಮೊದಲ ಕರಡು ಬಿಎಸ್‌ಎಫ್‌ನದು: ಎರಡು ಮೂರು ವಾರ ಹಗಲಿರುಳು ತಿಂದು, ಬೆರಳ ಗೆಣ್ಣಿನುದ್ದ ಬೆಳೆದು, ಮೈ ಕಂದಿ ಕಪ್ಪಾದ ಮೇಲೆ ಕೃತಿಯನ್ನು ಅರ್ಧಕ್ಕೇ ಬಿಟ್ಟು ಒಣಜಾಗ ಹುಡುಕಿ ಹೊರಟುಬಿಡುತ್ತದೆ. ಹೀಗೆ ದೇಶಾಂತರ ಹೋದ ಕವಿಗಳು ಕಾಲೊರಸಿನ ಅಡಿಯಲ್ಲೂ, ಒಮ್ಮೆ ಪಕ್ಕದ ಮನೆಯ ಹುಡುಗನ ಸ್ಕೂಲ್ ಶೂ ಒಳಗೂ ದೊರೆತಿದ್ದಾರೆ. ಆ ಮನೆಯವರು ಸಂಘದ ಸಭೆಯಲ್ಲಿ ಮಂಡಿಸಿದ ಖಂಡನೆಯನ್ನು ಸ್ಥಳಾಭಾವದಿಂದ ಇಲ್ಲಿ ಕೊಟ್ಟಿಲ್ಲ. ಪರಿಷ್ಕರಣ ಎರೆಹುಳುವಿನದು, ಬಿಸಿಯಾದ ಹೊಸ ರಾಶಿಯಲ್ಲಿ ಅದು ಬಾಳದು, ತಣಿದ ಮೇಲೆ ಕೆಳಮಡಕೆಯಲ್ಲಿ ಕೆಲಸ ಶುರು. ಹಲ್ಲಿಲ್ಲದ ಈ ಸಂಪಾದಕ ಮಣ್ಣಿನ ಕಣ ನುಂಗಿ ಹೊಟ್ಟೆಯಲ್ಲೇ ಅರೆಯುತ್ತದೆ. ದಾರದಂತೆ ಬೆಳ್ಳಗಿರುವ ಸಣ್ಣ ಹುಳುಗಳನ್ನು ಎರೆಹುಳುವಿನ ಮರಿಯೆಂದು ಓದುವವರಿದ್ದಾರೆ, ಅದು ಅಪಪಾಠ. ಅವು ಬೇರೆಯೇ ಜಾತಿ, ಡಬ್ಬ ಒದ್ದೆಯಾಗಿ ಹುಳಿಗಟ್ಟಿದೆ ಎಂಬುದರ ಟಿಪ್ಪಣಿ. ಎರಡು ಹಿಡಿ ತೆಂಗಿನ ನಾರಿನ ಪುಡಿ ಹಾಕಿ ಕೆದಕಿದರೆ ಪಾಠ ಶುದ್ಧವಾಗುತ್ತದೆ.

ಆದರೆ ಇಡೀ ಗ್ರಂಥದ ಬಹುಭಾಗ ಬರೆದವರು ಕಣ್ಣಿಗೇ ಕಾಣುವುದಿಲ್ಲ. ಬ್ಯಾಕ್ಟೀರಿಯ, ಬೂಷ್ಟು. ಇವರ ಪೈಕಿ ಸ್ಟ್ರೆಪ್ಟೊಮೈಸಿಸ್ ಕುಲದವರು ಮಾತ್ರ ಅಂಕಿತ ಹಾಕಿದ್ದಾರೆ. ಮಾಗಿದ ಗೊಬ್ಬರವನ್ನು ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದಲ್ಲ, ಅದು ಅವರು ಉಂಟುಮಾಡುವ ಜಿಯೋಸ್ಮಿನ್. ವಚನದ ಕೊನೆಯಲ್ಲಿ ಅಂಕಿತವಿದ್ದರೆ ಕರ್ತೃ ಸಿಕ್ಕಂತೆ ಎಂದು ಒಪ್ಪುವ ನಾವು ಮಡಕೆಯ ತಳದಲ್ಲೂ ಅದೇ ನ್ಯಾಯ ಪಾಲಿಸಬೇಕು.

ಕೊನೆಗೆ ಲಿಪಿಕಾರರ ಮಾತು. ಹಳೆಯ ಪ್ರತಿಗಳಲ್ಲಿ ಲಿಪಿಕಾರನು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂದು ಕೈತೊಳೆದುಕೊಳ್ಳುತ್ತಾನೆ. ನಮ್ಮ ಪ್ರತಿಯಲ್ಲಿ ಆ ಸ್ಥಾನ, ದಿನಾ ಸಿಪ್ಪೆ ಸುರಿದು ಕೋಲಿನಿಂದ ಕೆದಕುವ ಮನೆಗೆಲಸದಾಕೆಯದು. ಆಕೆಯ ಹೇಳಿಕೆಯನ್ನು ಯಾವ ತಿದ್ದುಪಡಿಯೂ ಇಲ್ಲದೆ ಕೊಡಲಾಗಿದೆ: ‘ಸಾರ್, ನಿಂಬೆ ಸಿಪ್ಪೆ ಹಾಕಿದ್ದು ನಾನಲ್ಲ. ಒಣಗಿದೆಲೆ ಖಾಲಿಯಾಗಿ ವಾರ ಆಯ್ತು, ತರಿಸಿಕೊಡಿ. ಆಮೇಲೆ ಈ ಹುಳದ ಕೆಲಸಕ್ಕೆ ಮುಂದಿನ ತಿಂಗಳಿಂದ ಬೇರೆ ದುಡ್ಡು ಕೊಡಬೇಕು, ಅಮ್ಮಂಗೂ ಹೇಳಿದೀನಿ.’