ಪಾಚಿಯ ಕಾಲ, ಕರ್ತೃ ಮತ್ತು ಪಾಠಾಂತರ

ನಮ್ಮ ಮನೆಯ ಎರಡಡಿ ಗಾಜಿನ ತೊಟ್ಟಿಯಲ್ಲಿ ಉಪಲಬ್ಧವಿರುವ ಪಾಚಿಯ ಕರ್ತೃ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನ್ನ ಹೆಂಡತಿಯ ಪ್ರಕಾರ ಅದು ನಾನು. ಈ ವಾದದ ಆಧಾರ ದುರ್ಬಲವೆಂದು ತೋರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕಾಲನಿರ್ಣಯ. ಹೊಸ ತೊಟ್ಟಿಯ ಗಾಜಿಗೆ ಮೊದಲ ವಾರಗಳಲ್ಲಿ ಹತ್ತುವ ಕಂದು ಧೂಳು ಆದಿಪಾಠ. ಇದು ಡಯಾಟಮ್, ಬೆರಳಾಡಿಸಿದರೆ ಕಾಫಿ ಗಸಿಯಂತೆ ಎದ್ದು ಬರುತ್ತದೆ, ಸಾಮಾನ್ಯವಾಗಿ ತೊಟ್ಟಿ ಹಳತಾದಂತೆ ತಾನೇ ಕಡಿಮೆಯಾಗುತ್ತದೆ. ಅನಂತರದ ಹಸಿರು ಚುಕ್ಕೆ ಗಾಜಿನಲ್ಲಿ ಕೊರೆದ ಅಕ್ಷರದಂತೆ ಗಟ್ಟಿ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿಗೆ ಮಾತ್ರ ಬಗ್ಗುತ್ತದೆ. ಜಲ್ಲಿಯ ಮೇಲೆ ಹರಡಿ ಹಾಳೆಹಾಳೆಯಾಗಿ ಏಳುವ, ನಾರುವ ನೀಲಿ-ಹಸಿರು ಲೋಳೆ ಮಾತ್ರ ಪ್ರಕ್ಷಿಪ್ತ. ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಇಷ್ಟು ದಿನ ಪಾಚಿಯ ಹೆಸರಲ್ಲಿ ನಡೆದುಬಂದಿದೆ. ಸಾಹಿತ್ಯ ಚರಿತ್ರೆಯಲ್ಲೂ ಇದಕ್ಕೆ ನಿದರ್ಶನಗಳು ಇಲ್ಲದಿಲ್ಲ.

ಇನ್ನು ಕರ್ತೃತ್ವ. ವಾಸ್ತು ನೋಡಿ ತೊಟ್ಟಿಯನ್ನು ಪೂರ್ವದ ಕಿಟಕಿಗೆ ಒತ್ತಿ ಇರಿಸಿದವರು ಮಾವನವರು. ಬೆಳಗಿನ ಬಿಸಿಲು ನೇರ ಬೀಳುತ್ತದೆ. ಸಂಜೆ ಕೊನೆಯ ಸೀರಿಯಲ್ ಮುಗಿಯುವ ತನಕ ದೀಪ. ಆರೆಂಟು ಗಂಟೆ ಸಾಕಾಗುವ ಬೆಳಕು ನಮ್ಮಲ್ಲಿ 14 ಗಂಟೆ. ಆಹಾರ ಮಗಳಿಂದ ಒಂದು ಚಿಟಿಕೆ, ನನ್ನಿಂದ ಒಂದು, ಅತ್ತೆಯವರಿಂದ "ಪಾಪ, ಬಾಯಿ ಬಾಯಿ ಬಿಡ್ತಾವೆ" ಎಂದು ಲೆಕ್ಕವಿಲ್ಲದೆ. ಮೀನು ಉಸಿರಾಡುವುದೇ ಹಾಗೆ ಎಂಬ ನನ್ನ ಪೂರ್ವಪಕ್ಷ ಅಲ್ಲೇ ಬಿದ್ದುಹೋಯಿತು. ತಿಂದದ್ದು ಹಿಕ್ಕೆ, ಉಳಿದದ್ದು ಕೊಳೆ. ಎರಡೂ ಅಮೋನಿಯಾ, ನೈಟ್ರೈಟ್ ದಾಟಿ ನೈಟ್ರೇಟ್ ಆಗಿ, ಫಾಸ್ಫೇಟಿನ ಜೊತೆಗೂಡಿ ಪಾಚಿಗೆ ಗೊಬ್ಬರ. ಆದ್ದರಿಂದ ಇದು ಏಕಕರ್ತೃಕವಲ್ಲ, ಕೂಡುಕುಟುಂಬದ ಕೃತಿ.

ಪರಿಹಾರ ಪಂಥಗಳಲ್ಲಿ ಅಂಗಡಿಯಾತ ಕೊಟ್ಟ ಸೀಸೆಯ ಪಾಚಿನಾಶಕ ತಾಮ್ರದ್ದು. ತಾಮ್ರಶಾಸನ ಇತಿಹಾಸಕಾರರಿಗೆ ಪ್ರಿಯ. ತೊಟ್ಟಿಯ ಸೀಗಡಿಗೂ ಬಸವನಹುಳುವಿಗೂ ಅದು ಮರಣಶಾಸನ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಇಳಿಯುತ್ತದೆ, ಮೀನುಗಳು ಮೇಲೆ ಬಂದು ನಿಜವಾಗಿಯೂ ಬಾಯಿ ಬಿಡುತ್ತವೆ, ಅತ್ತೆಯವರು ಮತ್ತೆ ಆಹಾರ ಹಾಕುತ್ತಾರೆ. ಸಕ್ಕರ್ ಮೀನು ಮರಿಯಿದ್ದಾಗ ನಿಷ್ಠಾವಂತ ಸಂಶೋಧಕ. ಅಡಿಗೂ ಮಿಕ್ಕಿ ಬೆಳೆದ ಮೇಲೆ ಪಾಚಿಯಲ್ಲಿ ಆಸಕ್ತಿ ಕಳೆದುಕೊಂಡು ಗುಳಿಗೆಗೆ ಕಾಯುತ್ತದೆ, ಹುದ್ದೆ ಖಾಯಂ ಆದ ಪ್ರಾಧ್ಯಾಪಕರಂತೆ. ಬೆಳೆದದ್ದನ್ನು ಕೆರೆಗೆ ಬಿಡುವುದಂತೂ ಕೂಡದು, ಊರ ಮೀನುಗಳ ಪಾಲನ್ನೂ ಅದೇ ಕಬಳಿಸುತ್ತದೆ.

ಸಿದ್ಧಾಂತ ಬಡವಾದದ್ದು. ಕಿಟಕಿಗೆ ಪರದೆ, ದೀಪ ಆರು ಗಂಟೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಕ್ಲೋರಿನ್ ಕಳೆದ ನೀರು ತುಂಬುವುದು. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ಹೊರತೆಗೆದ ತೊಟ್ಟಿಯ ನೀರಿನಲ್ಲೇ ಹಿಂಡಬೇಕು. ಸೋಪು ಹತ್ತಿರ ಸುಳಿಯಬಾರದು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಊಟ.

ಆಹಾರದ ಡಬ್ಬಿ ಸದ್ಯ ಅಡುಗೆಮನೆಯ ಅಟ್ಟದ ಮೇಲಿದೆ. ಅತ್ತೆಯವರಿಗೆ ಸ್ಟೂಲು ಹತ್ತಲು ಬರುವುದಿಲ್ಲ ಎಂಬುದು ಈವರೆಗಿನ ಪ್ರಚಲಿತ ಅಭಿಪ್ರಾಯ. ನಿನ್ನೆಯಿಂದ ಸ್ಟೂಲು ತನ್ನ ಜಾಗದಲ್ಲಿಲ್ಲ.